ರೊಟ್ಟಿಯ ಜೊತೆ ಏನು, ಎಷ್ಟು, ಯಾವಾಗ

ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಕಡೆಯ ಮನೆಗಳಲ್ಲಿ ಮಧ್ಯಾಹ್ನ ಉಣ್ಣಲು ಕೂತವರ ತಟ್ಟೆಯನ್ನು ನಿಧಾನವಾಗಿ ನೋಡಬೇಕು. ಎರಡು ಜೋಳದ ರೊಟ್ಟಿ. ಪಕ್ಕದಲ್ಲಿ ಮಡಕೆ ಕಾಳಿನದೋ ಹೆಸರು ಕಾಳಿನದೋ ಪಲ್ಯ. ಇನ್ನೊಂದು ಮಗ್ಗುಲಿಗೆ ಬದನೆಕಾಯಿ ಎಣ್ಣೆಗಾಯಿ ಅಥವಾ ಪುಂಡಿ ಪಲ್ಯ. ಅಂಚಿನಲ್ಲಿ ಶೇಂಗಾ, ಅಗಸಿ ಇಲ್ಲವೇ ಗುರೆಳ್ಳಿನ ಹಿಂಡಿ, ಅದರ ಮೇಲೆ ಒಂದಿಷ್ಟು ಎಣ್ಣೆ. ಬಟ್ಟಲಲ್ಲಿ ಗಟ್ಟಿ ಮೊಸರು. ಇವೆಲ್ಲದರ ನಡುವೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೂಲಂಗಿ, ಎಳೆ ಮೆಂತ್ಯೆ, ಹಕ್ಕರಿಕಿ ಸೊಪ್ಪು.

ಈ ತಟ್ಟೆಯನ್ನು ಯಾವ ಪೋಷಣತಜ್ಞರೂ ಬರೆದುಕೊಟ್ಟಿಲ್ಲ. ಮಳೆಯನ್ನೇ ನಂಬಿದ ಎರೆಭೂಮಿ ಇದನ್ನು ಕೊಟ್ಟಿತು, ಅಡುಗೆಮನೆಯ ಹೆಂಗಸರು ತಲೆಮಾರುಗಳುದ್ದಕ್ಕೂ ಇದನ್ನು ತಿದ್ದಿದರು. ಹಿಂಗಾರಿಯಲ್ಲಿ ಬಿಳಿಜೋಳ ಬಿತ್ತುವ ಹೊಲದಲ್ಲೇ ಕಡಲೆಯನ್ನೂ ಕುಸುಬಿಯನ್ನೂ ಅಕ್ಕಡಿ ಸಾಲಾಗಿ ಬಿತ್ತುವುದು ಇಲ್ಲಿಯ ಹಳೆಯ ಪದ್ಧತಿ. ಜೋಳ ಪಿಷ್ಟ ಕೊಡುತ್ತದೆ, ಕಡಲೆ ಪ್ರೋಟೀನ್ ಕೊಡುತ್ತದೆ, ಕುಸುಬಿ ಎಣ್ಣೆ ಕೊಡುತ್ತದೆ. ಇಂದಿನ ಪೋಷಣಶಾಸ್ತ್ರ ಸ್ಥೂಲ ಪೋಷಕಾಂಶಗಳು ಎಂದು ಹೆಸರಿಸುವ ಮೂರೂ ಒಂದೇ ಹೊಲದಿಂದ ಮನೆಗೆ ಬರುತ್ತಿದ್ದವು. ಅವನ್ನು ಯಾವ ಅಳತೆಯಲ್ಲಿ ಒಟ್ಟಿಗೆ ಉಣ್ಣಬೇಕು ಎಂಬುದೇ ಊಟ ಜೋಡಿಸುವ ಕಸುಬು. ಸಕ್ಕರೆ ಕಾಯಿಲೆ ಮತ್ತು ಬೊಜ್ಜು ಮನೆಮನೆಯ ಮಾತಾಗಿರುವ ಈ ಕಾಲದಲ್ಲಿ ಆ ಕಸುಬನ್ನು ಬಿಡಿಬಿಡಿಯಾಗಿ ಅರಿತುಕೊಳ್ಳುವುದು ಅಗತ್ಯ. ಐಸಿಎಂಆರ್ ಬೆಂಬಲದ ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ.

ಐದು ಗ್ರಾಂ ಸಕ್ಕರೆಯ ಕಾವಲು

ಮೊದಲು ಇನ್ಸುಲಿನ್ನಿನ ಕೆಲಸವನ್ನು ನೋಡೋಣ. ಆರೋಗ್ಯವಂತ ವಯಸ್ಕರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿದೆ. ಖಾಲಿ ಹೊಟ್ಟೆಯಲ್ಲಿ ಅದರ ಪ್ರತಿ ಡೆಸಿಲೀಟರಿಗೆ 70ರಿಂದ 100 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಲೆಕ್ಕ ಹಾಕಿದರೆ ಇಡೀ ರಕ್ತದಲ್ಲಿ ಇರುವುದು ನಾಲ್ಕೈದು ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಸಕ್ಕರೆ ಮಾತ್ರ. ಆದರೆ ಎರಡು ರೊಟ್ಟಿಯಲ್ಲಿ ಸುಮಾರು 70 ಗ್ರಾಂ ಪಿಷ್ಟವಿದೆ. ಅದರ ಬಹುಪಾಲು ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಇಳಿಯಬೇಕು. ಹಾಗಿದ್ದೂ ಊಟವಾದ ಎರಡು ಗಂಟೆಗೆ ರಕ್ತದ ಸಕ್ಕರೆ 140 ಮಿಲಿಗ್ರಾಂ ಒಳಗೆ ಇರಬೇಕು. ಇಷ್ಟು ದೊಡ್ಡ ಹರಿವನ್ನು ಇಷ್ಟು ಸಣ್ಣ ಮಿತಿಯೊಳಗೆ ಹಿಡಿದಿಡುವ ಕೆಲಸದಲ್ಲಿ ಇನ್ಸುಲಿನ್ನಿನದೇ ಮುಖ್ಯ ಪಾತ್ರ.

ಮೇದೋಜೀರಕ ಗ್ರಂಥಿಯಲ್ಲಿ ಚದುರಿಕೊಂಡಿರುವ ಪುಟ್ಟ ಜೀವಕೋಶ ಗುಂಪುಗಳನ್ನು 1869ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ ಗುರುತಿಸಿದ. ಆ ಗುಂಪುಗಳಿಂದ ಹೊರಡುವ ಹಾರ್ಮೋನನ್ನು 1921ರಲ್ಲಿ ಟೊರಾಂಟೊದಲ್ಲಿ ಫ್ರೆಡೆರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಬೇರ್ಪಡಿಸಿದರು. ಮೆಕ್‌ಲಿಯಾಡ್ ಅವರ ಪ್ರಯೋಗಾಲಯದಲ್ಲಿ ಆ ಕೆಲಸ ನಡೆಯಿತು, ತಂಡದ ಜೀವರಸಾಯನಜ್ಞ ಕಾಲಿಪ್ ಆ ಹಾರ್ಮೋನನ್ನು ಶುದ್ಧಗೊಳಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಚುಚ್ಚುಮದ್ದು ಸಿಕ್ಕಿತು. ಅದಕ್ಕೆ ಮೊದಲು ಅವನ ಬಗೆಯ ಮಧುಮೇಹ ಬಂದ ಮಕ್ಕಳು ಉಳಿಯುತ್ತಿರಲಿಲ್ಲ. ಇನ್ಸುಲಿನ್ ಬೊಜ್ಜು ತರುವ ಖಳ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಹಾಗೆನ್ನುವ ಮುನ್ನ ಆ ಹುಡುಗನನ್ನು ನೆನೆಯಬೇಕು. ಇದು ಜೀವ ಉಳಿಸುವ ಹಾರ್ಮೋನು.

ಇದರ ಕೆಲಸ ಮೂರು ಕಡೆ ನಡೆಯುತ್ತದೆ. ಸ್ನಾಯುಗಳಲ್ಲಿ ಗ್ಲೂಕೋಸ್ ಒಳಗೆ ಹೋಗುವಂತೆ ಮಾಡುತ್ತದೆ. ಯಕೃತ್ತು ತಾನೇ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುವುದನ್ನು ತಗ್ಗಿಸಿ, ಬಂದದ್ದನ್ನು ಗ್ಲೈಕೋಜನ್ ಆಗಿ ಕೂಡಿಡಿಸುತ್ತದೆ. ಕೊಬ್ಬಿನ ಜೀವಕೋಶಗಳಲ್ಲಿ ಕೊಬ್ಬು ಕರಗಿ ಹೊರಬರುವುದನ್ನು ತಡೆದು, ಊಟದಲ್ಲಿ ಬಂದ ಕೊಬ್ಬು ಒಳಸೇರಲು ನೆರವಾಗುತ್ತದೆ. ಊಟದ ಹೊತ್ತಿಗೆ ಇದು ಸರಿಯಾದ ನಡೆ, ಏಕೆಂದರೆ ಹೊರಗಿನಿಂದ ಇಂಧನ ಬರುತ್ತಿರುವಾಗ ಒಳಗಿನದನ್ನು ಉರಿಸಬೇಕಿಲ್ಲ. ರಕ್ತದಲ್ಲಿ ಇನ್ಸುಲಿನ್ನಿನ ಅರ್ಧಾಯುಷ್ಯ ಐದಾರು ನಿಮಿಷವಷ್ಟೇ. ಊಟದ ಹರಿವು ನಿಂತ ಮೇಲೆ ಅದು ಇಳಿಯುತ್ತದೆ, ಕೂಡಿಟ್ಟ ಕೊಬ್ಬು ಮತ್ತೆ ಹೊರಗೆ ಬಂದು ಉರಿಯತೊಡಗುತ್ತದೆ.

ತೊಂದರೆ ಹುಟ್ಟುವುದು ಜೀವಕೋಶಗಳು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದೆ ಹೋದಾಗ. ಮೇದೋಜೀರಕ ಗ್ರಂಥಿ ಅದೇ ಕೆಲಸಕ್ಕೆ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಬೇಕಾಗುತ್ತದೆ. ವರ್ಷಗಳು ಕಳೆದಂತೆ ಅದು ಸೋಲುತ್ತದೆ. ಹೊಟ್ಟೆಯೊಳಗಿನ ಅಂಗಗಳ ಸುತ್ತ ಮತ್ತು ಯಕೃತ್ತಿನಲ್ಲಿ ಕೂತ ಕೊಬ್ಬು ಇದಕ್ಕೆ ದೊಡ್ಡ ಕಾರಣ. ಈ ವಿಷಯದಲ್ಲಿ ನಮ್ಮ ಮೈಕಟ್ಟು ನಮ್ಮನ್ನು ಮೋಸಗೊಳಿಸುತ್ತದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1 ಇದ್ದರೆ ಯಾಜ್ಞಿಕ್ ಮೈಯಲ್ಲಿ ಶೇಕಡಾ 21.2 ಇತ್ತು. ತೆಳ್ಳಗೆ ಕಾಣುವ ಭಾರತೀಯನೊಳಗೆ ಎಷ್ಟು ಕೊಬ್ಬು ಅಡಗಿರಬಹುದು ಎಂಬುದಕ್ಕೆ ಇದಕ್ಕಿಂತ ಸರಳವಾದ ಪುರಾವೆ ಬೇಕಿಲ್ಲ. ನಮ್ಮವರಿಗೆ ತೂಕಕ್ಕಿಂತ ಸೊಂಟದ ಸುತ್ತಳತೆ ಮುಖ್ಯ ಎಂದು ವೈದ್ಯರು ಹೇಳುವುದು ಇದಕ್ಕೇ. ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದರೆ ಎಚ್ಚರವಾಗಬೇಕು.

ಬಡಿದ ರೊಟ್ಟಿ

ಇನ್ನು ತಟ್ಟೆಗೆ ಬರೋಣ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಕೊಡುವ ಗ್ಲುಟೆನ್ ಇಲ್ಲ. ಅದಕ್ಕೇ ಎಸರು ಕುದಿಸಿ, ಹಿಟ್ಟಿನ ನಡುವೆ ಗುಂಡಿ ಮಾಡಿ ಸುರಿದು, ಬಿಸಿ ಆರುವ ಮೊದಲೇ ನಾದಬೇಕು. ಕುದಿನೀರು ತಾಗಿದ ಪಿಷ್ಟದ ಒಂದು ಭಾಗ ಉಬ್ಬಿ ಅಂಟಾಗುತ್ತದೆ, ಉಳಿದ ಹಿಟ್ಟನ್ನು ಅದೇ ಹಿಡಿದಿಡುತ್ತದೆ. ಆಮೇಲೆ ಅಂಗೈಯಿಂದ ಬಡಿಯುತ್ತ, ತಿರುಗಿಸುತ್ತ, ಅಂಚು ಒಡೆಯದ ಹಾಗೆ ಹಿಗ್ಗಿಸಿ, ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ನೀರು ಸವರಿ, ಮಗುಚಿ, ಉಬ್ಬಿಸಿ ತೆಗೆಯಬೇಕು. ಇದು ಕೈಗೆ ಬರಲು ವರ್ಷಗಳು ಬೇಕು. ಬಡಿಯುವ ಸದ್ದು ಕೇಳಿಯೇ ಹಿಟ್ಟಿನ ಹದ ಹೇಳುವವರಿದ್ದಾರೆ.

ಗಿರಣಿಯಲ್ಲಿ ಇಡಿಯಾಗಿ ಬೀಸಿಸಿ ತಂದ ಹಿಟ್ಟಿನಲ್ಲಿ ಹೊಟ್ಟೂ ಮೊಳೆಯೂ ಉಳಿದಿರುತ್ತವೆ. ನೂರು ಗ್ರಾಂ ಜೋಳದಲ್ಲಿ ಸುಮಾರು ಹತ್ತು ಗ್ರಾಂ ಪ್ರೋಟೀನ್, ಹತ್ತು ಗ್ರಾಂ ನಾರು ಇದೆ. ಜೋಳದ ಪ್ರೋಟೀನ್‌ಗಳಲ್ಲಿ ಮುಖ್ಯವಾದ ಕಾಫಿರಿನ್ ಬೇಯಿಸಿದಾಗ ಒಂದಕ್ಕೊಂದು ಹೆಣೆದುಕೊಂಡು ಪಿಷ್ಟದ ಕಣಗಳನ್ನು ಸುತ್ತುವರಿಯುತ್ತದೆ, ಹಾಗಾಗಿ ಜೀರ್ಣರಸ ಒಳಹೊಗಲು ಹೊತ್ತು ಹಿಡಿಯುತ್ತದೆ. ಅದೂ ಅಲ್ಲದೆ ಬೆಂದು ಆರಿದ ಪಿಷ್ಟದ ಒಂದು ಪಾಲು ಮತ್ತೆ ಬಿಗಿಯಾಗಿ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಮುಂದೆ ಸಾಗುತ್ತದೆ. ಸುಟ್ಟು ಒಣಗಿಸಿ ದಿನಗಟ್ಟಲೆ ಇಡುವ ಕಟಕ್ ರೊಟ್ಟಿ ಹೀಗೆ ಆರಿದ ಪಿಷ್ಟವೇ.

ಆದರೂ ರೊಟ್ಟಿ ಪಿಷ್ಟವೇ. ಇದನ್ನು ಮರೆತು ಸಿರಿಧಾನ್ಯ ಎಂಬ ಹೆಸರಿನ ಮೇಲೆ ಎಷ್ಟಾದರೂ ತಿನ್ನಬಹುದು ಎಂದುಕೊಳ್ಳುವವರು ಹೆಚ್ಚುತ್ತಿದ್ದಾರೆ. ನುಣ್ಣಗೆ ಬೀಸಿದ ರಾಗಿ ಹಿಟ್ಟಿನ ಗಂಜಿ ರಕ್ತದ ಸಕ್ಕರೆಯನ್ನು ಬೇಗನೆ ಏರಿಸಬಲ್ಲದು. ಧಾನ್ಯ ಯಾವುದು ಎಂಬುದರಷ್ಟೇ ಅದನ್ನು ಹೇಗೆ ಬೀಸಿದೆ, ಹೇಗೆ ಬೇಯಿಸಿದೆ, ಯಾವುದರ ಜೊತೆಗೆ ಉಂಡಿದೆ ಎಂಬುದೂ ಮುಖ್ಯ.

ಕಾಳಿನ ಕೈವಾಡ

ಜೊತೆ ಎಂದಾಗ ಮೊದಲ ಸ್ಥಾನ ಕಾಳಿಗೆ. ಮಡಕೆ, ಹೆಸರು, ಅಲಸಂದೆ, ಕಡಲೆ, ತೊಗರಿ, ಹುರುಳಿ ಎಲ್ಲದರಲ್ಲೂ ನೂರು ಗ್ರಾಮಿಗೆ ಸುಮಾರು 19ರಿಂದ 24 ಗ್ರಾಂವರೆಗೆ ಪ್ರೋಟೀನ್ ಇದೆ. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಮೆಥಿಯೊನಿನ್ ಕಡಿಮೆ, ಧಾನ್ಯ ಅದನ್ನು ಕೊಡುತ್ತದೆ. ರೊಟ್ಟಿಗೆ ಕಾಳು ಸೇರಿದಾಗ ಎರಡರ ಕೊರತೆಯೂ ತುಂಬುತ್ತದೆ.

ಕಾಳಿನಲ್ಲೂ ಪಿಷ್ಟವಿದೆ, ಆದರೆ ಅದು ನಿಧಾನದ ಪಿಷ್ಟ. ಇಡೀ ಕಾಳು ಬೆಂದ ಮೇಲೂ ಅದರ ಜೀವಕೋಶದ ಗೋಡೆಗಳು ಬಹುಮಟ್ಟಿಗೆ ಗಟ್ಟಿಯಾಗಿರುತ್ತವೆ, ಪಿಷ್ಟ ಅವುಗಳೊಳಗೆ ಉಳಿದಿರುತ್ತದೆ. 1981ರಲ್ಲಿ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಆಹಾರಗಳು ರಕ್ತದ ಸಕ್ಕರೆಯನ್ನು ಏರಿಸುವ ಬಗೆಯನ್ನು ಅಳೆದು ಗ್ಲೈಸೆಮಿಕ್ ಸೂಚ್ಯಂಕ ರೂಪಿಸಿದಾಗ ತೀರಾ ಕೆಳಗಿನ ಸಾಲಿನಲ್ಲಿ ನಿಂತವುಗಳಲ್ಲಿ ಕಾಳುಗಳಿದ್ದವು. ಅದೇ ತಂಡ ಇನ್ನೊಂದು ಸೊಗಸಾದ ಸಂಗತಿಯನ್ನು ಕಂಡಿತು. ಬೆಳಗ್ಗೆ ಬೇಳೆಕಾಳು ತಿಂದವರಲ್ಲಿ ಮಧ್ಯಾಹ್ನದ ಊಟದ ನಂತರವೂ ಸಕ್ಕರೆ ಕಡಿಮೆ ಏರುತ್ತಿತ್ತು. ಒಂದು ಹೊತ್ತಿನ ಕಾಳು ಮುಂದಿನ ಹೊತ್ತಿನ ಊಟಕ್ಕೂ ನೆರವಾಗುತ್ತದೆ ಎಂದಾಯಿತು. ಬೆಳಗಿನ ಉಪ್ಪಿಟ್ಟಿಗೆ ಅವರೆಕಾಳು, ಅವಲಕ್ಕಿಗೆ ಶೇಂಗಾ ಹಾಕುವ ರೂಢಿಗೆ ಹೀಗೊಂದು ಬೆಲೆ ಇದೆ.

ಪ್ರೋಟೀನ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಉಂಟು. ಅದು ಇನ್ಸುಲಿನ್ನನ್ನು ಏರಿಸುವುದೇ ಇಲ್ಲ ಎಂದು ಹಲವರು ನಂಬಿದ್ದಾರೆ. ಪ್ರೋಟೀನೂ ಇನ್ಸುಲಿನ್ ಹೊರಡಿಸುತ್ತದೆ, ಹಾಲಿನ ಪ್ರೋಟೀನ್ ಅಂತೂ ಚೆನ್ನಾಗಿಯೇ ಹೊರಡಿಸುತ್ತದೆ. ಜೊತೆಗೆ ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನನ್ನೂ ಏರಿಸುವುದರಿಂದ ಸಕ್ಕರೆ ತೀರಾ ಕುಸಿಯದಂತೆ ನೋಡಿಕೊಳ್ಳುತ್ತದೆ. 1997ರಲ್ಲಿ ಸಿಡ್ನಿಯ ಸೂಸನ್ ಹೋಲ್ಟ್ ಮತ್ತು ಜೆನೆಟ್ ಬ್ರ್ಯಾಂಡ್-ಮಿಲ್ಲರ್ ಬೇರೆ ಬೇರೆ ಆಹಾರಗಳಿಗೆ ಇನ್ಸುಲಿನ್ ಹೇಗೆ ಏರುತ್ತದೆಂದು ಅಳೆದಾಗ ಮೀನು, ಮಾಂಸ, ಮೊಸರು ಕೂಡ ಅದನ್ನು ಏರಿಸುವುದು ಕಂಡಿತು. ಮೀನು, ಮೊಸರು ಇದರಿಂದ ಕೆಟ್ಟ ಆಹಾರವಾಗುವುದಿಲ್ಲ. ಇನ್ಸುಲಿನ್ ಏಳದಂತೆ ಮಾಡುವುದು ಈ ಕಸುಬಿನ ಗುರಿಯಲ್ಲ, ಅದು ಹದವಾಗಿ ಏರಿ ಹೊತ್ತಿಗೆ ಸರಿಯಾಗಿ ಇಳಿದರೆ ಸಾಕು. ಮೂರು ಸ್ಥೂಲ ಪೋಷಕಾಂಶಗಳಲ್ಲಿ ಹೊಟ್ಟೆ ತುಂಬಿದ ತೃಪ್ತಿಯನ್ನು ಹೆಚ್ಚು ಹೊತ್ತು ಉಳಿಸುವುದೂ ಪ್ರೋಟೀನೇ.

ಹಿಂಡಿಯ ಎಣ್ಣೆ

ಶೇಂಗಾ ಹಿಂಡಿಯ ಜಾಗ ತಟ್ಟೆಯಲ್ಲಿ ಸಣ್ಣದು, ಕೆಲಸ ದೊಡ್ಡದು. ಕೊಬ್ಬು ಸಣ್ಣ ಕರುಳಿಗೆ ತಲುಪಿದೊಡನೆ ಅಲ್ಲಿಂದ ಹೊರಡುವ ಹಾರ್ಮೋನುಗಳು ಜಠರದ ಬಾಯಿಯನ್ನು ಬಿಗಿಗೊಳಿಸುತ್ತವೆ. ಕೆರೆಯ ತೂಬನ್ನು ನೀರುಗಂಟಿ ಅರ್ಧವಷ್ಟೇ ಎತ್ತಿ ಗದ್ದೆಗೆ ಹಿಡಿಸುವಷ್ಟು ನೀರು ಬಿಡುವ ಹಾಗೆ ಜಠರ ಉಂಡದ್ದನ್ನು ಸ್ವಲ್ಪಸ್ವಲ್ಪವಾಗಿ ಕರುಳಿಗೆ ಇಳಿಸುತ್ತದೆ. ಉಂಡ ಪಿಷ್ಟ ಅಷ್ಟೇ, ಅದು ರಕ್ತ ಸೇರುವ ವೇಗ ಮಾತ್ರ ಇಳಿಯುತ್ತದೆ.

ಕರುಳಿನ ಈ ಹಾರ್ಮೋನುಗಳಲ್ಲಿ ಒಂದು ಜಿಎಲ್‌ಪಿ-1. ಪ್ರೋಟೀನ್, ಕೊಬ್ಬು, ಪಿಷ್ಟ ಮೂರೂ ಇದನ್ನು ಹೊರಡಿಸುತ್ತವೆ. ಇದು ಜಠರವನ್ನು ನಿಧಾನಗೊಳಿಸಿ, ಮೇದೋಜೀರಕ ಗ್ರಂಥಿಗೆ ಮುನ್ಸೂಚನೆ ಕೊಟ್ಟು, ಸಾಕೆಂಬ ಭಾವವನ್ನು ಮಿದುಳಿಗೆ ಮುಟ್ಟಿಸುತ್ತದೆ. ಇಂದು ಬೊಜ್ಜಿಗೂ ಮಧುಮೇಹಕ್ಕೂ ಕೊಡುತ್ತಿರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಇದರ ಕೆಲಸವನ್ನೇ ಅನುಸರಿಸುವ ಔಷಧ. ಊಟದಿಂದ ಹೊರಡುವ ಜಿಎಲ್‌ಪಿ-1 ಕೆಲವೇ ನಿಮಿಷ ಬಾಳುತ್ತದೆ, ಔಷಧದಷ್ಟು ಬಲ ಅದಕ್ಕಿಲ್ಲ. ಆದರೆ ದಿನಕ್ಕೆರಡು ಮೂರು ಬಾರಿ, ಬದುಕಿನುದ್ದಕ್ಕೂ, ಚೆನ್ನಾಗಿ ಜೋಡಿಸಿದ ಊಟ ಅದನ್ನು ಹೊರಡಿಸುತ್ತಲೇ ಇರುತ್ತದೆ.

ಹಿಂಡಿಯನ್ನು ಚಮಚದಲ್ಲಿ ಅಳೆದು ಬಡಿಸುವುದರಲ್ಲೂ ವಿವೇಕವಿದೆ. ಪಿಷ್ಟ ಮತ್ತು ಪ್ರೋಟೀನ್ ಗ್ರಾಮಿಗೆ ನಾಲ್ಕು ಕ್ಯಾಲರಿ ಕೊಟ್ಟರೆ ಕೊಬ್ಬು ಒಂಬತ್ತು ಕೊಡುತ್ತದೆ. ಕೊಬ್ಬು ತಾನಾಗಿ ಇನ್ಸುಲಿನ್ನನ್ನು ಹೆಚ್ಚು ಏರಿಸುವುದಿಲ್ಲ ನಿಜ. ಅದರಿಂದ ಕೊಬ್ಬು ಎಷ್ಟು ತಿಂದರೂ ಮೈಗೆ ಅಂಟದು ಎಂದು ಹೇಳಲಾಗದು. ಬೇಕಾದ್ದಕ್ಕಿಂತ ಹೆಚ್ಚಾಗಿ ಉಂಡ ಕೊಬ್ಬನ್ನು ದೇಹ ಬಲು ಸುಲಭವಾಗಿ ಕೂಡಿಡುತ್ತದೆ, ಅದಕ್ಕೆ ಹೆಚ್ಚಿನ ಇನ್ಸುಲಿನ್ನೂ ಬೇಕಿಲ್ಲ. ಮೈದಾ ಪೂರಿ, ಬೋಂಡಾ, ಮೈಸೂರು ಪಾಕ್, ಬೇಕರಿ ಪಫ್ ಇವುಗಳಲ್ಲಿ ಪಿಷ್ಟ ಅಥವಾ ಸಕ್ಕರೆಯ ಜೊತೆ ಎಣ್ಣೆತುಪ್ಪ ಕೂಡಿದೆ, ನಾರು ಮಾತ್ರ ಅಷ್ಟಕ್ಕಷ್ಟೇ. ಅವು ನಾಲಿಗೆಗೆ ಹಿತ, ಮೆತ್ತಗೆ ಬೇಗ ಇಳಿಯುತ್ತವೆ, ಸಾಕೆನಿಸುವಷ್ಟರಲ್ಲಿ ಒಂದು ಊಟದಷ್ಟು ಕ್ಯಾಲರಿ ಒಳಗೆ ಸೇರಿರುತ್ತದೆ. ಹಬ್ಬದ ದಿನಕ್ಕೆ ಇಟ್ಟಿದ್ದ ಜೋಡಣೆ ಅದು. ದಿನನಿತ್ಯದ ಸಂಜೆಗೆ ಅದನ್ನು ತಂದುಕೊಂಡಿದ್ದರಿಂದ ನಮಗೆ ನಷ್ಟವಾಗಿದೆ.

ಹಸಿದು ಕೂತವರ ಮೊದಲ ತುತ್ತು

ಉತ್ತರ ಕರ್ನಾಟಕದ ತಟ್ಟೆಯಲ್ಲಿ ಹಸಿ ಸೊಪ್ಪು, ತರಕಾರಿ ಇರುವುದು ಕಣ್ಣಿನ ಅಂದಕ್ಕಲ್ಲ. ರೊಟ್ಟಿ ಹಂಚಿನಿಂದ ಬರುವ ಮುನ್ನವೇ ಸೌತೆಕಾಯಿಯ ಹೋಳು, ಮೂಲಂಗಿ, ಮೆಂತ್ಯೆ ಬಾಯಿಗೆ ಹೋಗಿರುತ್ತವೆ. ಈ ಸರದಿಗೆ ವಿಜ್ಞಾನದ ಬೆಂಬಲವಿದೆ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಅಲ್ಪನಾ ಶುಕ್ಲಾ, ಲೂಯಿ ಆರೋನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಟೈಪ್ 2 ಮಧುಮೇಹವಿದ್ದ 11 ಜನರಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟರು. ಒಂದು ದಿನ ಬ್ರೆಡ್ಡು, ಹಣ್ಣಿನ ರಸ ಮೊದಲು, ಕೋಳಿ ಮಾಂಸ ಮತ್ತು ತರಕಾರಿ ಆಮೇಲೆ. ಇನ್ನೊಂದು ದಿನ ತರಕಾರಿ, ಮಾಂಸ ಮೊದಲು, ಕಾಲು ಗಂಟೆಯ ನಂತರ ಬ್ರೆಡ್ಡು. ಎರಡನೇ ಕ್ರಮದಲ್ಲಿ ಊಟದ ನಂತರದ ಸಕ್ಕರೆಯೂ ಇನ್ಸುಲಿನ್ನೂ ಸ್ಪಷ್ಟವಾಗಿ ಕೆಳಗಿದ್ದವು. ಪ್ರಯೋಗ ಸಣ್ಣದು, ಆದರೂ ಅದು ತೋರಿಸಿದ ದಾರಿಗೆ ಖರ್ಚಿಲ್ಲ.

ದಕ್ಷಿಣದ ಬಾಳೆಯೆಲೆಯ ಊಟದಲ್ಲಿ ಇದೇ ಬುದ್ಧಿ ಬೇರೆ ರೂಪದಲ್ಲಿದೆ. ಅನ್ನ ಬರುವ ಮೊದಲೇ ಕೋಸಂಬರಿ, ಪಲ್ಯ ಬಡಿಸಿರುತ್ತಾರೆ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿ, ನಿಂಬೆರಸ ಸೇರಿದ ಕೋಸಂಬರಿಯಲ್ಲಿ ಪ್ರೋಟೀನ್, ನಾರು, ಕೊಬ್ಬು, ಹುಳಿ ನಾಲ್ಕೂ ಇವೆ. ಅದನ್ನು ಎಲೆಯ ತುದಿಯಲ್ಲಿ ರುಚಿಗೆ ಬಿಟ್ಟುಕೊಳ್ಳದೆ ಒಂದು ಬಟ್ಟಲು ಮೊದಲೇ ಉಂಡರೆ ಸರದಿಯ ಪೂರ್ಣ ಲಾಭ ಸಿಗುತ್ತದೆ.

ಎರಡು ರೊಟ್ಟಿಯ ಲೆಕ್ಕ

ಕಸುಬಿನ ಜೀವ ಇರುವುದು ಅಳತೆಯಲ್ಲಿ. ಮೈಮುರಿದು ದುಡಿಯದ, ಆದರೆ ಚಟುವಟಿಕೆಯಿಂದಿರುವ ವಯಸ್ಕರೊಬ್ಬರ ಮಧ್ಯಾಹ್ನದ ಊಟವನ್ನು ಲೆಕ್ಕ ಹಾಕೋಣ. ತಲಾ 50 ಗ್ರಾಂ ಹಿಟ್ಟಿನ ಎರಡು ರೊಟ್ಟಿ. 40 ಗ್ರಾಂ ಒಣ ಕಾಳಿನಿಂದಾದ ಪಲ್ಯ. ಎರಡು ಚಮಚ, ಅಂದರೆ ಸುಮಾರು 20 ಗ್ರಾಂ ಶೇಂಗಾ ಹಿಂಡಿ. 150 ಗ್ರಾಂ ಮೊಸರು. ಧಾರಾಳವಾಗಿ ಸೊಪ್ಪು ತರಕಾರಿ. ಒಗ್ಗರಣೆಗೂ ಎಣ್ಣೆಗಾಯಿಗೂ ಸೇರಿ ಎರಡು ಟೀ ಚಮಚ ಎಣ್ಣೆ.

ರೊಟ್ಟಿಯಿಂದ ಹತ್ತು ಗ್ರಾಂ, ಕಾಳಿನಿಂದ ಒಂಬತ್ತು, ಶೇಂಗಾದಿಂದ ಐದು, ಮೊಸರಿನಿಂದ ಐದು, ಒಟ್ಟು ಸುಮಾರು 29 ಗ್ರಾಂ ಪ್ರೋಟೀನ್ ಆಯಿತು. ಕೊಬ್ಬು ಸುಮಾರು 26 ಗ್ರಾಂ. ಪಿಷ್ಟ ಮತ್ತು ಸಕ್ಕರೆ ಎಲ್ಲ ಸೇರಿ ನೂರೈದು ಗ್ರಾಮಿನ ಆಸುಪಾಸು. ಒಟ್ಟು ಸುಮಾರು 770 ಕ್ಯಾಲರಿ. ಅದರಲ್ಲಿ ರೊಟ್ಟಿಯ ಪಾಲು 340, ಅಂದರೆ ಶೇಕಡಾ 44. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿ ದಿನದ ಕ್ಯಾಲರಿಯಲ್ಲಿ ಧಾನ್ಯಗಳ ಪಾಲು ಶೇಕಡಾ 45 ಮೀರಬಾರದು ಎನ್ನುತ್ತದೆ. ರೊಟ್ಟಿಯ ತಟ್ಟೆ ಪೂರ್ತಿಯಾಗಿ ಬಡಿಸಿದ್ದಾದರೆ ಆ ಗೆರೆಯ ಒಳಗೇ ಕೂರುತ್ತದೆ.

ಪೂರ್ತಿಯಾಗಿ ಬಡಿಸಿದ್ದಾದರೆ ಎಂಬ ಮಾತನ್ನು ಒತ್ತಿ ಹೇಳಬೇಕು. ಅದೇ ಮನೆಯಲ್ಲಿ ಕಾಳು ತೀರಿದ ದಿನ ನಾಲ್ಕು ರೊಟ್ಟಿಗೆ ಒಂದಿಷ್ಟು ಖಾರ ಹಚ್ಚಿಕೊಂಡು ಉಂಡರೆ 140 ಗ್ರಾಂ ಪಿಷ್ಟ ಒಳಗೆ ಹೋಗುತ್ತದೆ, ಜೊತೆಗೆ ಏನೂ ಇಲ್ಲ. ಹೊಲದಲ್ಲಿ ದಿನವಿಡೀ ದುಡಿದ ಮೈ ಅದನ್ನು ಉರಿಸಿಬಿಡುತ್ತಿತ್ತು. ಕುರ್ಚಿಯಲ್ಲಿ ಕೂತ ಮೈಗೆ ಅದು ಭಾರ. ಬಡತನದಲ್ಲಿ ಮೊದಲು ಕಳಚಿಕೊಳ್ಳುವುದು ಕಾಳು, ಮೊಸರು, ಸೊಪ್ಪು, ಕೊನೆಗೆ ಉಳಿಯುವುದು ಧಾನ್ಯ ಮಾತ್ರ. ಇಂದು ಪಡಿತರದಿಂದ ಹಿಡಿದು ಹೋಟೆಲಿನವರೆಗೆ ಅಗ್ಗವಾಗಿ ಸಿಗುವುದೂ ಪಿಷ್ಟವೇ. ಊಟ ಜೋಡಿಸುವ ಕಸುಬು ಉಳಿಯಬೇಕಾದರೆ ಕಾಳು ಬಡವರ ಕೈಗೆ ಎಟುಕುವಂತಿರಬೇಕು. ತಟ್ಟೆಯ ಮಾತಾಡುವಾಗ ಇದನ್ನು ಬಿಟ್ಟು ಮಾತಾಡುವುದು ಸರಿಯಲ್ಲ.

ಇದೇ ಅಳತೆ ಬೇರೆ ಸೀಮೆಯ ಊಟಕ್ಕೂ ಹೊಂದುತ್ತದೆ. ಮಂಡ್ಯ, ಹಾಸನ, ತುಮಕೂರಿನ ಮುದ್ದೆಗೆ ಹುರುಳಿ ಕಾಳಿನ ಸಾರು ಅಥವಾ ಕಾಳು ಸೊಪ್ಪಿನ ಬಸ್ಸಾರು ಒಳ್ಳೆಯ ಜೊತೆ. ಮುದ್ದೆ ಸಣ್ಣದಾಗಲಿ, ಸಾರಿನ ತಳದ ಕಾಳು ಪಲ್ಯವಾಗಿ ತಟ್ಟೆಗೆ ಬರಲಿ. ಕರಾವಳಿಯ ಕುಚಲಕ್ಕಿ ಅನ್ನಕ್ಕೆ ಮೀನು ಸಾರು ಇದೆ. ಭತ್ತವನ್ನು ಕುದಿಸಿ ಒಣಗಿಸುವಾಗಲೇ ಪಿಷ್ಟ ಬಿಗಿಯಾಗುವುದರಿಂದ ಆ ಅನ್ನದ ಜೀರ್ಣ ಬೆಳ್ತಿಗೆ ಅನ್ನಕ್ಕಿಂತ ಸಾಮಾನ್ಯವಾಗಿ ನಿಧಾನ. ಇಡ್ಲಿ ತಿನ್ನುವವರು ಚಟ್ನಿಯಲ್ಲೇ ಮುಗಿಸದೆ ತೊಗರಿಬೇಳೆ, ತರಕಾರಿ ಗಟ್ಟಿಯಾಗಿರುವ ಸಾಂಬಾರನ್ನು ಬಟ್ಟಲು ತುಂಬ ಹಾಕಿಕೊಳ್ಳಬೇಕು. ಮೊಟ್ಟೆ ತಿನ್ನುವವರಿಗೆ ಅದು ಸುಲಭದ ಪ್ರೋಟೀನ್.

ಜೋಡಣೆಯ ಮಿತಿ

ಈ ಕಸುಬನ್ನು ಮೆಚ್ಚುವಾಗ ಅದರ ಎಲ್ಲೆಯನ್ನೂ ಹೇಳಬೇಕು. ಇನ್ಸುಲಿನ್ ತಗ್ಗಿಸಿದರೆ ಸಾಕು, ಕೊಬ್ಬು ತಾನೇ ಕರಗುತ್ತದೆ ಎಂಬ ವಾದವನ್ನು ವಿಜ್ಞಾನಿಗಳು ಗಂಭೀರವಾಗಿ ಪರೀಕ್ಷಿಸಿದ್ದಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 19 ಸ್ಥೂಲಕಾಯರನ್ನು ಆಸ್ಪತ್ರೆಯಲ್ಲೇ ಇರಿಸಿ, ಒಂದು ಸಲ ಪಿಷ್ಟವನ್ನು, ಇನ್ನೊಂದು ಸಲ ಕೊಬ್ಬನ್ನು, ಒಂದೇ ಕ್ಯಾಲರಿ ಪ್ರಮಾಣದಲ್ಲಿ ಕಡಿತ ಮಾಡಿ ನೋಡಿದರು. ಪಿಷ್ಟ ಕಡಿತವಾದಾಗ ಇನ್ಸುಲಿನ್ ಇಳಿಯಿತು, ದೇಹ ಹೆಚ್ಚು ಕೊಬ್ಬನ್ನು ಉರಿಸಿತು. ಆದರೆ ಮೈಯಿಂದ ನಿವ್ವಳವಾಗಿ ಕಳೆದ ಕೊಬ್ಬು, ಊಟದ ಕೊಬ್ಬು ಕಡಿತವಾದಾಗಲೇ ತುಸು ಹೆಚ್ಚು. 2018ರಲ್ಲಿ ಸ್ಟ್ಯಾನ್‌ಫರ್ಡಿನ ಕ್ರಿಸ್ಟಫರ್ ಗಾರ್ಡ್‌ನರ್ ತಂಡ 609 ಜನರನ್ನು ಒಂದು ವರ್ಷ ಹಿಂಬಾಲಿಸಿತು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ, ಪಿಷ್ಟ ಕಡಿಮೆ ಮಾಡಿದವರು 6 ಕಿಲೋ ಇಳಿದರು. ಸಂಖ್ಯಾಶಾಸ್ತ್ರದ ಕಣ್ಣಿಗೆ ಇದು ವ್ಯತ್ಯಾಸವಲ್ಲ. ಯಾರ ಇನ್ಸುಲಿನ್ ಎಷ್ಟು ಏರುತ್ತದೆ ಎಂಬುದರಿಂದ ಯಾರಿಗೆ ಯಾವ ಪಥ್ಯ ಹಿಡಿಸುತ್ತದೆಂದು ಮೊದಲೇ ಹೇಳಲೂ ಆಗಲಿಲ್ಲ. ಮೈಯ ಕೊಬ್ಬು ಏರುವುದು ಇಳಿಯುವುದು ಕೊನೆಗೂ ಒಟ್ಟು ಉಂಡದ್ದಕ್ಕೂ ಒಟ್ಟು ಖರ್ಚಾದದ್ದಕ್ಕೂ ಸೇರಿದ ಲೆಕ್ಕ.

ಪಿಷ್ಟವನ್ನೂ ಪ್ರೋಟೀನನ್ನೂ ಒಂದೇ ಹೊತ್ತಿಗೆ ಉಣ್ಣಲೇಬಾರದು ಎಂಬ ಪಂಥವೂ ಉಂಟು. ಅಮೆರಿಕದ ವೈದ್ಯ ವಿಲಿಯಂ ಹೇ ಕಳೆದ ಶತಮಾನದ ಮೊದಲರ್ಧದಲ್ಲಿ ಇದನ್ನು ಹಬ್ಬಿಸಿದರು. ಜಿನೀವಾದ ಅಲೈನ್ ಗೊಲೆ ಮತ್ತು ಸಂಗಡಿಗರು 2000ದಲ್ಲಿ ಇಂಥ ಬೇರ್ಪಟ್ಟ ಊಟವನ್ನೂ ಸಾಮಾನ್ಯ ಸಮತೋಲನದ ಊಟವನ್ನೂ ಒಂದೇ ಕ್ಯಾಲರಿಯಲ್ಲಿ ಆರು ವಾರ ಹೋಲಿಸಿದರು. ತೂಕ ಇಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದೊಂದು ಹೆಸರು ಕಾಳಿನೊಳಗೂ ಪಿಷ್ಟ, ಪ್ರೋಟೀನ್ ಕೂಡಿಯೇ ಬೆಳೆದಿರುವಾಗ ಅವನ್ನು ನಾವು ಬೇರ್ಪಡಿಸಿ ಸಾಧಿಸುವುದೇನೂ ಇಲ್ಲ.

ಹಾಗಾದರೆ ಜೋಡಣೆಯಿಂದ ಆಗುವ ಲಾಭವೇನು? ಅದು ಸಕ್ಕರೆಯ ಏರಿಳಿತವನ್ನು ತಗ್ಗಿಸುತ್ತದೆ, ದಣಿದ ಮೇದೋಜೀರಕ ಗ್ರಂಥಿಯ ಹೊರೆ ಇಳಿಸುತ್ತದೆ. ಎರಡೇ ರೊಟ್ಟಿಗೆ ಹೊಟ್ಟೆ ತುಂಬಿಸುತ್ತದೆ. ಮೂರನೆಯದು ಬೇಡವೆನಿಸುವುದು ಮನೋಬಲದಿಂದ ಆಗಬೇಕಿಲ್ಲ, ಕಾಳು, ನಾರು, ಮೊಸರು ಆ ಕೆಲಸ ಮಾಡುತ್ತವೆ. ಕಡಿಮೆ ಕ್ಯಾಲರಿಯಲ್ಲಿ ತೃಪ್ತಿಯಾಗಿ ಬದುಕುವುದು ಇದರಿಂದ ಸಾಧ್ಯವಾಗುತ್ತದೆ. ಬೊಜ್ಜು ಇಳಿಸುವ ವಿಷಯದಲ್ಲಿ ಅದೇ ಎಲ್ಲಕ್ಕಿಂತ ಕಷ್ಟದ ಭಾಗ.

ಊಟಗಳ ನಡುವಿನ ಹೊತ್ತೂ ಈ ಕಸುಬಿನ ಭಾಗವೇ. ಇನ್ಸುಲಿನ್ ಇಳಿಯಲು ಬಿಡುವು ಬೇಕು. ಹನ್ನೊಂದಕ್ಕೆ ಸಕ್ಕರೆ ಚಹಾ, ನಾಲ್ಕಕ್ಕೆ ಬಿಸ್ಕತ್ತು, ಆರಕ್ಕೆ ಚುರುಮುರಿ, ರಾತ್ರಿ ಹತ್ತಕ್ಕೆ ಊಟ ಎಂದಾದರೆ ಬಿಡುವು ಸಿಗುವುದೇ ಇಲ್ಲ, ಕ್ಯಾಲರಿಯೂ ಲೆಕ್ಕಕ್ಕೆ ಸಿಗದೆ ಕೂಡುತ್ತದೆ. ಹೊತ್ತು ಮುಳುಗಿದ ಮೇಲೆ ಬೇಗ ಉಂಡು ಬೆಳಗಿನವರೆಗೆ ಬಾಯಿ ಕಟ್ಟುವ ಹಳ್ಳಿಯ ರೂಢಿ ಹನ್ನೆರಡು ಗಂಟೆಯ ಬಿಡುವನ್ನು ಸಲೀಸಾಗಿ ಕೊಡುತ್ತಿತ್ತು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯುವುದಕ್ಕೂ ಗಟ್ಟಿ ಕಾರಣವಿದೆ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತದೆ.

ಒಂದು ಎಚ್ಚರಿಕೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮಿಪಿರೈಡಿನಂಥ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಅನ್ನ ರೊಟ್ಟಿ ಕಡಿತ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವಂತಿಲ್ಲ. ಇವರು ವೈದ್ಯರ ಜೊತೆ ಕೂತು ಊಟವನ್ನೂ ಔಷಧವನ್ನೂ ಒಟ್ಟಿಗೆ ಹೊಂದಿಸಿಕೊಳ್ಳಬೇಕು.

ಉಳಿದವರು ಇವತ್ತಿನ ರಾತ್ರಿಯಿಂದಲೇ ಶುರುಮಾಡಬಹುದು. ಕಾಳು ನೆನೆಹಾಕುವುದು ಮೊದಲ ಕೆಲಸ. ಮರುದಿನ ಅದನ್ನು ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ಬರುತ್ತದೆ. ವಾರಕ್ಕೊಮ್ಮೆ ಹಿಂಡಿ ಕುಟ್ಟಿಟ್ಟುಕೊಂಡರೆ ದಿನವೂ ಎರಡು ಚಮಚ ಬಡಿಸಲು ಸಾಕು. ಸಂತೆಯ ಚೀಲಕ್ಕೆ ಮೊದಲು ಸೊಪ್ಪು ಬೀಳಲಿ. ರೊಟ್ಟಿ ಬಡಿಯಲು ಬಾರದವರಿಗೆ ಈಗ ಊರೂರಲ್ಲೂ ಹೆಂಗಸರು ರೊಟ್ಟಿ ಬಡಿದು ಮಾರುತ್ತಾರೆ, ಕೊಂಡು ತಂದರಾಯಿತು. ಕೊಳ್ಳಲು ಸಿಗದ ಭಾಗ ಒಂದೇ. ತಟ್ಟೆಗೆ ಬಡಿಸುವಾಗ ರೊಟ್ಟಿ ಎರಡಕ್ಕೆ ನಿಲ್ಲಿಸಿ, ಕಾಳಿನ ಸೌಟನ್ನು ಇನ್ನೊಮ್ಮೆ ಮುಳುಗಿಸುವ ತೀರ್ಮಾನ. ಅದನ್ನು ದಿನಾ ಮಾಡುವ ಕೈಗೆ ಮನೆಯವರೆಲ್ಲರ ಆರೋಗ್ಯದಲ್ಲಿ ದೊಡ್ಡ ಪಾಲಿದೆ. ಆ ಕೈ ಮನೆಯ ಒಬ್ಬಳದೇ ಆಗಿರಬೇಕಿಲ್ಲ, ಉಣ್ಣುವವರೆಲ್ಲರೂ ಕಲಿಯಬಹುದಾದ ಕಸುಬಿದು.